ಹಳೆ ವೈಸ್: ರೆಕಾರ್ಡ್, ಪಾರ್ಕಿನ್ಸನ್, ಲೆಗ್ ವೈಸ್, ಇಲ್ಲಾ ಹೊಸದೇ?

ಪುಣೆಯ ಜೂನಾ ಬಜಾರ್‌ನಲ್ಲಿ ಹಳೆ ಬೆಂಚ್ ವೈಸ್ (ಬೆಂಚಿಗೆ ಬಿಗಿದು, ಕೆಲಸದ ತುಂಡನ್ನು ಎರಡು ದವಡೆಗಳ ನಡುವೆ ಸ್ಕ್ರೂ ತಿರುಗಿಸಿ ಹಿಡಿಯುವ ಉಪಕರಣ) ಮುಂದೆ ನಿಂತರೆ ಸಾಕು, ಮಾರುವವನು ಮೊದಲು ಹೆಸರು ಹೇಳುತ್ತಾನೆ. ಇಂಗ್ಲೆಂಡ್ ಮಾಲು, ರೆಕಾರ್ಡ್, ಈಗ ಎಲ್ಲೂ ಸಿಗಲ್ಲ, ಅಂತ. ಹೆಸರಿಗೆ ಬೆಲೆಯೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಬೇರೆ ಬೇರೆ ತರದ ವೈಸ್‌ಗಳನ್ನು ಒಂದೇ ಶೆಡ್ಡಿನಲ್ಲಿ ಕೂರಿಸಿ, ಒಂದೇ ಕೆಲಸ ಕೊಟ್ಟು ನೋಡಿದ್ದೇನೆ. ದುಡ್ಡು ಕೊಡಬೇಕಾದ್ದು ಮೈಮೇಲಿನ ಹೆಸರಿಗಲ್ಲ, ಒಳಗೆ ಸ್ಕ್ರೂ ಕಚ್ಚಿಕೊಂಡು ತಿರುಗುವ ನಟ್‌ಗೆ.

ನಾನು ಇರುವುದು ಚಿಂಚವಾಡದಲ್ಲಿ. ಮನೆ ಹಿಂದೆ ಒಂದು ತಗಡಿನ ಶೆಡ್, ಅದರಲ್ಲಿ ಒಂದು ಗಟ್ಟಿ ಸಾಗುವಾನಿ ಬೆಂಚು. ಸಹಾಯಕ್ಕೆ ಪಕ್ಕದ ಬಿಲ್ಡಿಂಗಿನ ಫಿಟ್ಟರ್. ಅವರು ವಿಜಯಪುರದ ಕಡೆಯವರು, ಭೋಸರಿಯ ಟೂಲ್ ರೂಮ್‌ಗಳಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ನಾವು ಎಲ್ಲ ವೈಸ್‌ಗೂ ಕೊಟ್ಟ ಕೆಲಸ ಒಂದೇ. 10 ಮಿಲಿಮೀಟರ್ ಪಟ್ಟಿಯನ್ನು ಹಿಡಿದು ಅರ ಹಾಕುವುದು, ಹ್ಯಾಕ್ಸಾದಲ್ಲಿ ಕೊಯ್ಯುವುದು, 12 ಮಿಲಿಮೀಟರ್ ಸಲಾಕೆಯನ್ನು ಸುತ್ತಿಗೆಯಿಂದ ಹೊಡೆದು ಮಡಚುವುದು. ಕೊನೆಗೆ ದವಡೆಯ ಒಂದೇ ತುದಿಯಲ್ಲಿ ಸಣ್ಣ ತುಂಡು ಕಚ್ಚಿಸಿ ಜಗ್ಗುವುದು. ಈ ಕೊನೆಯದರಲ್ಲೇ ಬಂಡವಾಳ ಬಯಲಾಗುವುದು.

ಮೊದಲು ರೆಕಾರ್ಡ್. ಶೆಫೀಲ್ಡ್‌ನ ಸಿ ಅಂಡ್ ಜೆ ಹ್ಯಾಂಪ್ಟನ್ ಕಂಪನಿಯ ಮಾಲು. ನನ್ನದು 3ನೇ ನಂಬರು, ಅಂದರೆ 4 ಇಂಚಿನ ದವಡೆ. ನೀಲಿ ಬಣ್ಣ ಮೂಲೆಗಳಲ್ಲಿ ಮಾತ್ರ ಉಳಿದಿತ್ತು. ಜೂನಾ ಬಜಾರ್‌ನಲ್ಲೇ ಸಿಕ್ಕಿತು. ಈ ಸಂತೆ ಮಂಗಳವಾರ ಪೇಟೆಯಲ್ಲಿ ಬುಧವಾರ ಮತ್ತು ಭಾನುವಾರ ಸೇರುತ್ತದೆ. ಭಾನುವಾರ ಜನ ಜಾಸ್ತಿ, ಬೆಲೆಯೂ ಜಾಸ್ತಿ. ನೆಮ್ಮದಿಯಾಗಿ ಬಿಚ್ಚಿ ನೋಡಬೇಕು ಅಂದರೆ ಬುಧವಾರ ಹೋಗಿ.

ಬಿಚ್ಚಿ ನೋಡುವುದು ಅಂದೆನಲ್ಲ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹ್ಯಾಂಡಲ್ ತಿರುಗಿಸುತ್ತಾ ಹೋದರೆ ಮುಂದಿನ ದವಡೆ ಸ್ಲೈಡ್ ಸಮೇತ ಪೂರ್ತಿ ಹೊರಗೆ ಬರುತ್ತದೆ. ಭಾರ ಇರುತ್ತದೆ, ಕಾಲಿನ ಮೇಲೆ ಬೀಳದಂತೆ ಕೈ ಕೊಡಿ. ಈಗ ಸ್ಕ್ರೂ ನೋಡಿ. ಚೌಕ ಗಾಡಿಯ ಸ್ಕ್ರೂ (ಗಾಡಿ ಅಂದರೆ ಸ್ಕ್ರೂ ಮೈಮೇಲೆ ಸುತ್ತಿ ಬರುವ ಏಣು), ಅಂಚು ಚೌಕವಾಗಿಯೇ ಇರಬೇಕು. ಮಧ್ಯದಲ್ಲಿ ಸ್ವಲ್ಪ ಜಾಗದಲ್ಲಿ ಮಾತ್ರ ಗಾಡಿ ಸಣ್ಣಗಾಗಿ ಚೂಪಾಗಿದ್ದರೆ ಆ ವೈಸು ಬದುಕಿಡೀ ಒಂದೇ ಅಳತೆಯಲ್ಲಿ ದುಡಿದಿದೆ ಅಂತ ಅರ್ಥ. ಆಮೇಲೆ ಟಾರ್ಚ್ ಹಿಡಿದು ಬಾಡಿಯ ಒಳಗೆ ನಟ್ ನೋಡಿ. ಬೆರಳು ಹಾಕಿದರೆ ಗಾಡಿ ಕೈಗೆ ಸಿಗಬೇಕು. ಮತ್ತೆ ಜೋಡಿಸಿ, ದವಡೆಯನ್ನು ಒಂದು ಅಂಗೈಯಷ್ಟು ತೆರೆದು, ಹ್ಯಾಂಡಲ್ ಮುಟ್ಟದೆ ಮುಂದಿನ ದವಡೆಯನ್ನು ಹಿಂದೆ ಮುಂದೆ ತಳ್ಳಿ. ಸ್ವಲ್ಪ ಆಟ ಇದ್ದೇ ಇರುತ್ತದೆ, ಅದು ಬೇಕು ಕೂಡ. ಅರ್ಧ ಸುತ್ತು ಹ್ಯಾಂಡಲ್ ತಿರುಗಿಸಿದರೂ ದವಡೆ ಕದಲಲಿಲ್ಲ ಅಂದರೆ ಬಿಟ್ಟುಬಿಡಿ.

ರೆಕಾರ್ಡ್‌ನ ದೊಡ್ಡ ಗುಣ ಇಲ್ಲಿದೆ. ನಟ್ ಬೇರೆಯೇ ತುಂಡು. ಸವೆದರೆ ತೆಗೆದು ಗನ್‌ಮೆಟಲ್‌ನಲ್ಲಿ ಹೊಸದು ಕಡೆಸಬಹುದು. ಭೋಸರಿಯಲ್ಲಿ ಲೇತ್ ಅಂಗಡಿಗಳಿಗೆ ಬರವೇ? ದವಡೆಯ ಉಕ್ಕಿನ ತಟ್ಟೆಗಳೂ ಹಾಗೇ, ಸ್ಕ್ರೂ ಬಿಚ್ಚಿ ಬದಲಾಯಿಸುವಂಥವು. ಕೆಲಸದಲ್ಲೂ ಇದಕ್ಕೆ ಹೆಸರಿಡುವಂತಿಲ್ಲ. ಅರ ಹಾಕುವಾಗ ಕೀರಲು ದನಿ ಇಲ್ಲ. ಒಂದೇ ತುದಿಯಲ್ಲಿ ತುಂಡು ಕಚ್ಚಿಸಿದಾಗ ದವಡೆ ಕೊಂಚ ವಾಲಿತು, ಆದರೆ ತುಂಡು ಬಿಡಲಿಲ್ಲ. ಸಲಾಕೆ ಮಡಚುವಾಗ ಮಾತ್ರ ಫಿಟ್ಟರ್ ನನ್ನ ಕೈ ತಡೆದರು. ಇದು ಬೀಡು ಕಬ್ಬಿಣ. ಒತ್ತಿದರೆ ಆನೆ ತೂಕ ತಡೆಯುತ್ತದೆ, ಎಳೆತಕ್ಕೂ ಪೆಟ್ಟಿಗೂ ತಡೆಯುವುದಿಲ್ಲ. ಹೊಡೆಯಲೇಬೇಕಾದರೆ ಹಿಂದಿನ ಸ್ಥಿರ ದವಡೆಯ ಕಡೆಗೆ ಹೊಡೆಯಬೇಕು, ಮುಂದಿನದರ ಕಡೆಗಲ್ಲ.

ಪಾರ್ಕಿನ್ಸನ್ ಕಥೆ ಬೇರೆ. ಯಾರ್ಕ್‌ಶೈರ್‌ನ ಶಿಪ್ಲಿಯಲ್ಲಿ ಮಾಡುತ್ತಿದ್ದ ವೈಸು. ಮೈಮೇಲೆ ‘ಪರ್ಫೆಕ್ಟ್ ವೈಸ್’ ಅಂತ ಅಕ್ಷರ ಎದ್ದಿರುತ್ತದೆ. ನನಗೆ ಸಿಕ್ಕಿದ್ದು ಮುಂಬೈಯ ನಾಗದೇವಿ ಸ್ಟ್ರೀಟಿನಲ್ಲಿ. ಅಂಗಡಿಯವನು ‘ಮಿಲ್ ಮಾಲು’ ಅಂದ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ಸುಳ್ಳೇ ಇರಬೇಕು ಅಂತಿಲ್ಲ. ಲಾಲ್‌ಬಾಗ್, ಪರೇಲ್ ಕಡೆಯ ಬಟ್ಟೆ ಗಿರಣಿಗಳಲ್ಲಿ ಯಂತ್ರ ರಿಪೇರಿಗೆ ಅಂತಲೇ ದೊಡ್ಡ ವರ್ಕ್‌ಶಾಪ್‌ಗಳಿದ್ದವು, ಇಂಗ್ಲಿಷ್ ಸಾಮಾನು ತುಂಬಿತ್ತು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಆ ಸಾಮಾನೆಲ್ಲ ಗುಜರಿ ದಾರಿ ಹಿಡಿಯಿತು.

ಇದರ ಚಮತ್ಕಾರ ಹ್ಯಾಂಡಲ್ ಹತ್ತಿರ ಇರುವ ಪುಟ್ಟ ಲಿವರ್. ಅದನ್ನು ಒತ್ತಿದರೆ ಒಳಗಿನ ಅರ್ಧ ನಟ್ ಸ್ಕ್ರೂನಿಂದ ಬಿಡಿಸಿಕೊಳ್ಳುತ್ತದೆ. ದವಡೆಯನ್ನು ಡ್ರಾಯರ್ ಎಳೆದಂತೆ ಸರ್ರನೆ ಎಳೆಯಬಹುದು. ತುಂಡು ಇಟ್ಟು, ತಳ್ಳಿ, ಲಿವರ್ ಬಿಟ್ಟು, ಕಾಲು ಸುತ್ತು ತಿರುಗಿಸಿದರೆ ಮುಗಿಯಿತು. ಮೊದಲ ವಾರ ನಾನು ಸುಮ್ನೆ ತೆರೆದು ಮುಚ್ಚಿ ಆಡುತ್ತಿದ್ದೆ. ಆದರೆ ಅರ್ಧ ನಟ್ ಅಂದರೆ ಅರ್ಧ ಹಿಡಿತ, ಅಲ್ವಾ? ನನಗಿಂತ ಮೊದಲು ಯಾರೋ ಚೆನ್ನಾಗಿ ದುಡಿಸಿದ ವೈಸು ಅದು. ಜೋರಾಗಿ ಬಿಗಿದರೆ ‘ಟಕ್’ ಅಂತ ಒಂದು ಗಾಡಿ ಹಾರುತ್ತಿತ್ತು. ಆ ಕ್ಷಣ ನಿಮ್ಮ ಪೂರ್ತಿ ಭಾರ ಹ್ಯಾಂಡಲ್ ಮೇಲೆ ಇದ್ದರೆ ಗೆಣ್ಣಿಗೆ ಪೆಟ್ಟು ಗ್ಯಾರಂಟಿ. ಅರ ಹಾಕಲು ಪರವಾಗಿಲ್ಲ, ಹ್ಯಾಕ್ಸಾಗೂ ಸರಿ. ಸಲಾಕೆ ಮಡಚಲು ನಾನು ಅದನ್ನು ಬಳಸಲೇ ಇಲ್ಲ. ಆ ಅರ್ಧ ನಟ್ ಕಡೆಸುವುದೂ ಸುಲಭವಲ್ಲ. ಒಂದು ಪಕ್ಕ ನೇರ, ಇನ್ನೊಂದು ಪಕ್ಕ ಓರೆ ಇರುವ ಬಟ್ರೆಸ್ ಗಾಡಿ, ಮೂಲ ತುಂಡು ಹಾಳಾಗಿದ್ದರೆ ಅಳತೆ ಎಲ್ಲಿಂದ ತರುತ್ತೀರಿ?

ಆ ಪಾರ್ಕಿನ್ಸನ್ ಈಗ ಒಬ್ಬ ಪ್ಯಾಟರ್ನ್ ಮೇಕರ್ (ಎರಕಕ್ಕೆ ಬೇಕಾದ ಮರದ ಮಾದರಿ ಮಾಡುವವರು) ಹತ್ತಿರ ಇದೆ. ಅವರದು ಮರದ ಕೆಲಸ. ದಿನಕ್ಕೆ ನೂರಾರು ಸಲ ತೆರೆದು ಮುಚ್ಚಬೇಕು, ಹಿಡಿತ ಮೆತ್ತಗಿದ್ದರೆ ಸಾಕು. ಅಂಥವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಇನ್ನು ಲೆಗ್ ವೈಸ್. ಗುಜರಿ ಅಂಗಡಿಗಳಲ್ಲಿ ಮೂಲೆಗೆ ಒರಗಿಸಿಟ್ಟಿರುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಕಮ್ಮಾರರ ವೈಸು ಇದು, ಒಂದು ಉದ್ದ ಕಾಲು ನೆಲಕ್ಕೆ ಇಳಿದಿರುತ್ತದೆ. ಹಳೆಯವು ಎರಕದವಲ್ಲ, ಕಾಯಿಸಿ ಬಡಿದು ಮಾಡಿದವು. ಹಾಗಾಗಿ ಪೆಟ್ಟಿಗೆ ಒಡೆಯುವುದಿಲ್ಲ. ಪೆಟ್ಟಿನ ಭಾರ ಬೆಂಚಿಗೆ ಬೀಳುವುದೂ ಇಲ್ಲ, ಕಾಲಿನ ಮೂಲಕ ನೆಲಕ್ಕೆ ಹೋಗುತ್ತದೆ. ನನ್ನದು ದಾರೂಖಾನಾದಲ್ಲಿ ಸಿಕ್ಕಿತು. ರೇ ರೋಡ್ ಸ್ಟೇಷನ್ನಿನಿಂದ ಸಮುದ್ರದ ಕಡೆ ನಡೆದರೆ ಹಡಗು ಒಡೆಯುವ ಜಾಗ ಅದು, 2014ರಲ್ಲಿ ಹಳೆಯ ಐಎನ್‌ಎಸ್ ವಿಕ್ರಾಂತ್ ಒಡೆಯಲು ಶುರು ಮಾಡಿದ್ದೂ ಇಲ್ಲಿಯೇ. ಇಲ್ಲಿ ಹೆಸರಿನ ಮಾತಿಲ್ಲ, ಎಲ್ಲ ಕೆಜಿ ಲೆಕ್ಕ. ತೂಕಕ್ಕೆ ಹಾಕಿದರೆ ಮೂವತ್ತು ಕೆಜಿ ಮೇಲೆಯೇ ತೂಗಿತು. ಆದರೂ ರೆಕಾರ್ಡ್‌ಗೆ ಕೊಟ್ಟದ್ದರ ಅರ್ಧದೊಳಗೆ ಮುಗಿಯಿತು. ಪುಣೆಗೆ ತರುವುದೇ ಪಾಡು. ಟೆಂಪೋದವನಿಗೆ ಕೊಟ್ಟದ್ದನ್ನು ಸೇರಿಸಿದರೆ ಲಾಭ ಸ್ವಲ್ಪ ಕರಗುತ್ತದೆ.

ಸಲಾಕೆಯನ್ನು ಇದರಲ್ಲಿ ಹಿಡಿದು ಎರಡು ಕೆಜಿ ಸುತ್ತಿಗೆಯಿಂದ ಹೊಡೆದಾಗ ಬೆಂಚಿನ ಮೇಲಿನ ಚಹಾ ಲೋಟ ಅಲುಗಲಿಲ್ಲ. ಸುಣ್ಣ ಬಳಿದ ಗೋಡೆಯ ಧೂಳು ಮಾತ್ರ ಉದುರಿತು. ಆದರೆ ನಾಜೂಕಿನ ಕೆಲಸಕ್ಕೆ ಇದು ಆಗುವುದಿಲ್ಲ. ಮುಂದಿನ ದವಡೆ ಕೆಳಗಿನ ಕೀಲಿನ ಮೇಲೆ ತೂಗುವುದರಿಂದ ಒಂದು ಅಳತೆಯಲ್ಲಿ ಮಾತ್ರ ಎರಡು ದವಡೆ ಸಮಾನಾಂತರ. ದಪ್ಪ ತುಂಡು ಇಟ್ಟರೆ ಕೆಳಗಿನ ಅಂಚು ಮಾತ್ರ ಕಚ್ಚುತ್ತದೆ, ತೆಳುವಿದ್ದರೆ ಮೇಲಿನದು. ಅರ ಹಾಕುವಾಗ ತುಂಡು ಮೆಲ್ಲಗೆ ತಿರುಗುತ್ತದೆ. ಕೊಳ್ಳುವಾಗ ಸ್ಕ್ರೂ ಹೋಗುವ ಡಬ್ಬಿಯನ್ನು ನೋಡಿ. ಹಳೆಯ ಕೆಲವದರಲ್ಲಿ ಅದರೊಳಗಿನ ಗಾಡಿ ಅಂದರೆ ಚೌಕ ಪಟ್ಟಿಯನ್ನು ಸುತ್ತಿ ಹಿತ್ತಾಳೆಯಲ್ಲಿ ಬೆಸೆದದ್ದು, ಬೆಸುಗೆ ಬಿಟ್ಟಿದ್ದರೆ ವೈಸು ಬರೀ ಕಬ್ಬಿಣದ ತೂಕ.

ನಾಲ್ಕನೆಯದು ಹೊಸದು. ನಮ್ಮ ದೇಶದಲ್ಲಿ ಕೈ ಉಪಕರಣಗಳಿಗೆ ಜಲಂಧರ್ ದೊಡ್ಡ ಊರು. ಪೇಟೆಯಲ್ಲಿ ಸಿಗುವ ‘ರೆಕಾರ್ಡ್ ಟೈಪ್’ ವೈಸ್‌ಗಳ ಆಕಾರ ಇಂಗ್ಲಿಷ್ ವೈಸಿನದೇ. ನಾನು ತಂದ ಅಗ್ಗದ್ದರಲ್ಲಿ ದವಡೆಯ ತಟ್ಟೆಗಳು ಒಂದಕ್ಕೊಂದು ಕೂಡಲಿಲ್ಲ. ಪೇಪರ್ ಚೂರನ್ನು ಎರಡೂ ತುದಿಯಲ್ಲಿ ಕಚ್ಚಿಸಿ ಎಳೆದರೆ ಒಂದು ಕಡೆಯದು ಹರಿಯಿತು, ಇನ್ನೊಂದು ಕಡೆಯದು ಕೈಗೆ ಬಂತು. ತಟ್ಟೆ ಬಿಚ್ಚಿ ಹಿಂದಿನ ಬಣ್ಣ ಕೆರೆದ ಮೇಲೆ ಸುಮಾರು ಸರಿಹೋಯಿತು. ಸ್ವಲ್ಪ ಜಾಸ್ತಿ ಕೊಟ್ಟು ‘ಅನ್‌ಬ್ರೇಕಬಲ್’ ಅಂತ ಮಾರುವ ಉಕ್ಕಿನ ಎರಕದ್ದು ತಂದರೆ ಪೆಟ್ಟಿಗೂ ಹೆದರಬೇಕಿಲ್ಲ. ಬೆಂಚ್ ವೈಸಿಗೆ ಐಎಸ್ 2586 ಅಂತ ಭಾರತೀಯ ಮಾನಕವೇ ಇದೆ, ಕೊಳ್ಳುವಾಗ ಕೇಳಿ. ವಾರದಲ್ಲಿ ಕೆಲಸ ಶುರುವಾಗಬೇಕು, ಸಂತೆ ಸುತ್ತಲು ಪುರಸೊತ್ತಿಲ್ಲ ಅನ್ನುವವರಿಗೆ ಇದೇ ಸರಿ. ಹಳೆಯದರ ಹುಚ್ಚು ಎಲ್ಲರಿಗೂ ಇರಬೇಕು ಅಂತೇನಿಲ್ಲ.

ವಿಲ್ಟನ್ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. 1941ರಲ್ಲಿ ಶಿಕಾಗೋದಲ್ಲಿ ಶುರುವಾದ ಕಂಪನಿ, ಗುಂಡಿನಾಕಾರದ ಬುಲೆಟ್ ವೈಸ್ ಅದರದು. ಚೆಂದ ಇದೆ. ನಮ್ಮ ಕಡೆ ಸಂತೆಗಳಲ್ಲಿ ನಾನು ಕಂಡಿಲ್ಲ, ಹಾಗಾಗಿ ಹೋಲಿಕೆಗೆ ತರುವುದಿಲ್ಲ.

ಎಲ್ಲಿ ಕೊಂಡರೂ ಹೊಸ ಬಣ್ಣ ಹಚ್ಚಿದ ಹಳೆ ವೈಸನ್ನು ಅನುಮಾನದಿಂದಲೇ ನೋಡಿ. ತುಕ್ಕು ಹಿಡಿದದ್ದು ಒಳ್ಳೆಯದು, ಅದು ಏನನ್ನೂ ಮುಚ್ಚಿಡುವುದಿಲ್ಲ. ಬೀಡಿನ ಬಿರುಕಿನಲ್ಲಿ ಪುಟ್ಟಿ ತುಂಬಿ ಹಸಿರು ಎನಾಮೆಲ್ ಬಳಿದರೆ ಕಣ್ಣಿಗೆ ಸಿಗುವುದಿಲ್ಲ. ಫಿಟ್ಟರ್ ಕಲಿಸಿದ ಪರೀಕ್ಷೆ ಇದು: ಅನುಮಾನದ ಜಾಗದಲ್ಲಿ ಬಣ್ಣ ಕೆರೆದು ಸೀಮೆಎಣ್ಣೆ ಹಚ್ಚಿ. ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ. ಮೇಲೆ ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮತ್ತೆ ಹೊರಬಂದು ಬಿಳಿ ಸುಣ್ಣದ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತದೆ. ಸ್ಥಿರ ದವಡೆಯ ಬುಡ, ಸ್ಲೈಡಿನ ಕೆಳಗಿನ ಮೂಲೆ, ಬೋಲ್ಟ್ ಹಾಕುವ ಕಿವಿಗಳು, ಇವು ಒಡೆಯುವ ಜಾಗಗಳು. ಹ್ಯಾಂಡಲ್ ಬಾಗಿದ್ದರೆ ಯಾರೋ ಪೈಪ್ ಸಿಕ್ಕಿಸಿ ಬಿಗಿದಿದ್ದಾರೆ, ಅಂಥದ್ದನ್ನು ಎರಡು ಸಲ ಪರೀಕ್ಷೆ ಮಾಡಿ.

ಮೈಮೇಲೆ ರೈಲ್ವೆ ಗುರುತು ಕೆತ್ತಿದ್ದರೆ ಹರಾಜಿನ ಕಾಗದ ಕೇಳಿ. ಕಾಗದ ಇಲ್ಲ ಅಂದರೆ ಎಷ್ಟೇ ಚೆನ್ನಾಗಿದ್ದರೂ ಮುಟ್ಟಬೇಡಿ. ರೈಲ್ವೆ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದರ ವಿರುದ್ಧ 1966ರ ಕಾಯ್ದೆಯೇ ಇದೆ. ಮಾರಿದವನು ಮುಂದಿನ ಭಾನುವಾರ ಅದೇ ಜಾಗದಲ್ಲಿ ಇರುತ್ತಾನೆ ಅಂತ ಯಾವ ಭರವಸೆ?

ತುಕ್ಕಿಗೆ ನಾನು ಮಾಡುವುದು ಬಕೆಟ್ ನೀರು, ವಾಷಿಂಗ್ ಸೋಡಾ, ಹಳೆ ಬ್ಯಾಟರಿ ಚಾರ್ಜರ್. ಸೋಡಾ ನೀರಲ್ಲಿ ವೈಸನ್ನೂ ಒಂದು ಬೇಡದ ಕಬ್ಬಿಣದ ತುಂಡನ್ನೂ ಒಂದಕ್ಕೊಂದು ತಾಗದಂತೆ ಮುಳುಗಿಸಿ, ಚಾರ್ಜರಿನ ಮೈನಸ್ ವೈಸಿಗೆ, ಪ್ಲಸ್ ಆ ತುಂಡಿಗೆ. ಆ ತುಂಡು ಸ್ಟೇನ್‌ಲೆಸ್ ಆಗಿರಬಾರದು, ನೀರಿಗೆ ವಿಷದ ಕ್ರೋಮಿಯಂ ಬಿಡುತ್ತದೆ. ಹೈಡ್ರೋಜನ್ ಹೊರಡುವುದರಿಂದ ಬಯಲಲ್ಲೇ ಇಡಿ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದಾಗ ಉಜ್ಜಿ ಧೂಳು ಎಬ್ಬಿಸಬೇಡಿ.

ಇವತ್ತು ಬೆಂಚಿನ ಮೇಲೆ ಬೋಲ್ಟ್ ಹಾಕಿ ಕೂತಿರುವುದು ರೆಕಾರ್ಡ್. ದವಡೆಯ ಮೇಲಂಚು ನನ್ನ ಮೊಣಕೈ ಎತ್ತರಕ್ಕೆ ಬರುವಂತೆ ಕೆಳಗೆ ಹಲಗೆ ಕೊಟ್ಟಿದ್ದೇನೆ. ಲೆಗ್ ವೈಸ್ ಶೆಡ್ಡಿನ ಕಂಬಕ್ಕೆ ಬಿಗಿದಿದೆ. ಒಂದನ್ನೇ ಇಟ್ಟುಕೋ ಅಂದರೆ ರೆಕಾರ್ಡ್ ಇಟ್ಟುಕೊಳ್ಳುತ್ತೇನೆ. ಗೇಟು ಗ್ರಿಲ್ಲಿನ ಕೆಲಸ ಮಾಡುವವರು ಕೇಳಿದರೆ ಲೆಗ್ ವೈಸ್ ಅನ್ನುತ್ತೇನೆ. ಬೆಲೆ ವಿಚಾರಕ್ಕೆ ನನ್ನ ಮಿತಿ ಇಷ್ಟು: ನಟ್ ಸರಿ ಇರುವ ಹಳೆ ವೈಸಿಗೆ ಅದೇ ಅಳತೆಯ ಒಳ್ಳೆಯ ಹೊಸದರ ಬೆಲೆಯವರೆಗೆ ಹೋಗುತ್ತೇನೆ. ನಟ್ ಸವೆದಿದ್ದರೆ ಗುಜರಿ ತೂಕದ ಬೆಲೆ ಹೇಳಿ, ಕಡೆಸುವ ಖರ್ಚು ನನ್ನದು ಅಂತ ಮಾತಾಡುತ್ತೇನೆ. ಅದಕ್ಕೂ ಒಪ್ಪದಿದ್ದರೆ ಬುಧವಾರ ಮತ್ತೆ ಬರುತ್ತದೆ.