ಬೈತಲೆ ಅಗಲವಾಗುತ್ತಿದೆಯಾ? ಪ್ಯಾಕೇಜ್‌ಗೆ ಸಹಿ ಹಾಕುವ ಮುಂಚೆ ಇದನ್ನು ಓದಿ

ಕೂದಲು ಉದುರುತ್ತಿದೆ ಅಂತ ಗಾಬರಿಯಾಗಿ ಹೇರ್ ಕ್ಲಿನಿಕ್‌ಗೆ ಹೊರಟಿದ್ದೀರಾ? ದಯವಿಟ್ಟು ಎರಡು ನಿಮಿಷ ಕೂತು ಇದನ್ನು ಓದಿ. ನನ್ನ ಹತ್ತು ತಿಂಗಳು ಹಾಳಾಯಿತು, ಹಣವೂ ಹೋಯಿತು.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ನನ್ನದು ಹಾಗಿರಲಿಲ್ಲ. ತಲೆಸ್ನಾನ ಮಾಡಿದಾಗಲೆಲ್ಲ ಬಚ್ಚಲ ಜಾಲರಿ ಕಟ್ಟಿಕೊಳ್ಳುತ್ತಿತ್ತು. ಬೈತಲೆ ಮಧ್ಯೆ ನೆತ್ತಿ ಬೆಳ್ಳಗೆ ಕಾಣಿಸತೊಡಗಿತು.

ಕ್ಲಿನಿಕ್‌ನಲ್ಲಿ ಒಂದು ಸಣ್ಣ ಕ್ಯಾಮೆರಾವನ್ನು ನೆತ್ತಿಗೆ ಒತ್ತಿ ಪರದೆ ಮೇಲೆ ತೋರಿಸಿದರು. "ಬೇರುಗಳು ಸಾಯ್ತಾ ಇವೆ, ಇನ್ನೂ ತಡ ಮಾಡಿದ್ರೆ ವಾಪಸ್ ಬರಲ್ಲ" ಅಂದರು. ಹಾಗೆ ಹೇಳಿದವರು ವೈದ್ಯರೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಇವತ್ತೇ ಸೇರಿದರೆ ರಿಯಾಯಿತಿ ಎಂದರು. ಅಳು ಬರುವ ಹಾಗಿತ್ತು, ಸಹಿ ಹಾಕಿಬಿಟ್ಟೆ.

ಪ್ಯಾಕೇಜ್‌ನಲ್ಲಿ ಪಿಆರ್‌ಪಿ ಇತ್ತು. ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ನೆತ್ತಿಗೆ ಚುಚ್ಚುತ್ತಾರೆ. ವಂಶದಿಂದ ಬರುವ ಕೂದಲು ತೆಳುವಾಗುವಿಕೆಗೆ ಇದರಿಂದ ಕೆಲವರಿಗೆ ಉಪಯೋಗವಾಗುತ್ತದೆ. ಆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಪ್ರತಿ ಸಲ ಟ್ಯೂಬ್ ತುಂಬ ರಕ್ತ ತೆಗೆದರು, ಆ ರಕ್ತದಲ್ಲಿ ಕಬ್ಬಿಣ ಎಷ್ಟಿದೆ ಅಂತ ಒಂದು ಸಲವೂ ನೋಡಲಿಲ್ಲ! ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದಾ, ಇತ್ತೀಚೆಗೆ ಜ್ವರ ಬಂದಿತ್ತಾ, ಏನು ಮಾತ್ರೆ ತಗೊಳ್ತೀರಿ, ಯಾವುದನ್ನೂ ಕೇಳಲಿಲ್ಲ.

ಮನೆಗೆ ಒಂದು ಬಾಟಲಿ ಕೊಟ್ಟರು. ಲೇಬಲ್ ಇಲ್ಲ, ಪೆನ್ನಿನಲ್ಲಿ ನನ್ನ ಹೆಸರು, ಕೆಳಗೆ "ರಾತ್ರಿ" ಅಂತ ಅಷ್ಟೇ. ಹಚ್ಚಿದ ಮೂರನೇ ವಾರ ಕೂದಲು ಇನ್ನೂ ಜೋರಾಗಿ ಉದುರಿತು. ಆಮೇಲೆ ಕೆನ್ನೆ ಮೇಲೆ ನವಿರು ಕೂದಲು ಬಂತು. ಕೇಳಿದರೆ "ನಮ್ಮದೇ ಫಾರ್ಮುಲಾ" ಅನ್ನುವ ಉತ್ತರ.

ಕೊನೆಗೆ ಒಬ್ಬ ಚರ್ಮವೈದ್ಯರ ಹತ್ತಿರ ಹೋದೆ. ಕೆನ್ನೆ ನೋಡಿದ ತಕ್ಷಣ ಬಾಟಲಿಯಲ್ಲಿ ಮಿನಾಕ್ಸಿಡಿಲ್ ಇರಬೇಕು ಅಂದರು. ಅದು ಕೆಟ್ಟ ಔಷಧಿಯಲ್ಲ. ಮೊದಲು ಬಿಪಿ ಮಾತ್ರೆಯಾಗಿ ಬಂದಿದ್ದು, ಅಮೆರಿಕದಲ್ಲಿ 1988ರಲ್ಲಿ ತಲೆಗೆ ಹಚ್ಚಲು ಒಪ್ಪಿಗೆ ಸಿಕ್ಕಿತು. ಮೊದಲ ಕೆಲವು ವಾರ ಹಳೇ ಕೂದಲು ಉದುರುವುದು ಮಾಮೂಲು, ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ರಾತ್ರಿಯೆಲ್ಲ ನಿದ್ದೆಗೆಡುತ್ತಿರಲಿಲ್ಲ ಅಲ್ವಾ?

ಇನ್ನೊಂದು ಎಡವಟ್ಟು ಬಯೋಟಿನ್ ಅನ್ನುವ ಬಿ ವಿಟಮಿನ್‌ದು. ಪ್ಯಾಕೇಜ್ ಜೊತೆ ದಿನಕ್ಕೆ 10 ಮಿಲಿಗ್ರಾಂ ಮಾತ್ರೆ ಕೊಟ್ಟಿದ್ದರು. ದೇಹಕ್ಕೆ ಬೇಕಾಗುವುದು ಸುಮಾರು 30 ಮೈಕ್ರೋಗ್ರಾಂ ಮಾತ್ರ. ಬಯೋಟಿನ್ ರಕ್ತದಲ್ಲಿ ಅತಿಯಾಗಿದ್ದರೆ ಕೆಲವು ಪರೀಕ್ಷೆಗಳ ಫಲಿತಾಂಶವೇ ತಪ್ಪು ಬರಬಹುದು, ಥೈರಾಯ್ಡ್ ಪರೀಕ್ಷೆಯೂ ಅದರಲ್ಲೊಂದು. ನಡುವೆ ನಾನಾಗಿಯೇ ಮಾಡಿಸಿದ್ದ ಥೈರಾಯ್ಡ್ ವರದಿ "ನಾರ್ಮಲ್" ಅಂತ ಬಂದಿತ್ತು. ಈ ವೈದ್ಯರು ಬಯೋಟಿನ್ ನಿಲ್ಲಿಸಿ, ಕೆಲವು ದಿನ ಬಿಟ್ಟು ಮತ್ತೆ ಮಾಡಿಸಿದರು. ಟಿಎಸ್‌ಎಚ್ ಜಾಸ್ತಿ ಇತ್ತು. ಫೆರಿಟಿನ್ ತೀರಾ ಕಡಿಮೆ. ಅಂದರೆ ಥೈರಾಯ್ಡ್ ನಿಧಾನವಾಗಿತ್ತು, ದೇಹದಲ್ಲಿ ಕಬ್ಬಿಣದ ದಾಸ್ತಾನೂ ಖಾಲಿಯಾಗಿತ್ತು. ಅದಕ್ಕೇ ಕೂದಲು ಉದುರುತ್ತಿತ್ತು.

ಈಗ ಎರಡಕ್ಕೂ ಮಾತ್ರೆ ನಡೆಯುತ್ತಿದೆ. ಕೂದಲು ತಿಂಗಳಿಗೆ ಬೆಳೆಯುವುದೇ ಸುಮಾರು ಒಂದು ಸೆಂಟಿಮೀಟರ್, ಆತುರ ಮಾಡಿ ಪ್ರಯೋಜನವಿಲ್ಲ. ಬೈತಲೆಯ ಎರಡೂ ಬದಿಯಲ್ಲಿ ಬೆರಳ ಗೆಣ್ಣಿನುದ್ದದ ಕೂದಲು ಎದ್ದು ನಿಂತಿದೆ. ಬಾಚಿದರೂ ಮಲಗುವುದಿಲ್ಲ, ಮಲಗದಿದ್ದರೂ ಸಂತೋಷವೇ.

ಉಳಿದ ಹಣ ವಾಪಸ್ ಬರಲಿಲ್ಲ. ಒಪ್ಪಂದದ ಎರಡನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಹಾಗೇ ಬರೆದಿತ್ತು, ನಾನು ಓದಿರಲಿಲ್ಲ. ನೀವು ಓದಿ. ಚರ್ಮವೈದ್ಯರು ಕಾರಣ ಹೇಳುವ ತನಕ ಮುಂಗಡ ಕೊಡಬೇಡಿ. ಲೇಬಲ್ ಇಲ್ಲದ ಬಾಟಲಿ ಈಗಾಗಲೇ ಮನೆಯಲ್ಲಿದ್ದರೆ ವೈದ್ಯರಿಗೆ ತೋರಿಸಿ. ಬೆಕ್ಕು ಸಾಕಿದ್ದರೆ ಅದಕ್ಕೆ ಸಿಗದ ಕಡೆ ಇಡಿ, ಹಚ್ಚಿಕೊಂಡ ತಲೆಯನ್ನೂ ನೆಕ್ಕಲು ಬಿಡಬೇಡಿ. ಮಿನಾಕ್ಸಿಡಿಲ್ ಸ್ವಲ್ಪ ಹೊಟ್ಟೆಗೆ ಹೋದರೂ ಬೆಕ್ಕಿನ ಜೀವಕ್ಕೆ ಅಪಾಯ.