ಎಂಟು ಜೋಡಿ ತುದಿ, ನಾಲ್ಕು ಕೇಬಲ್: ಬಿಚ್ಚಿ ಜೋಡಿಸುವ ಹೆಣಿಗೆ ಕಡ್ಡಿಗಳ ಸೆಟ್, ಏಳು ವರ್ಷಗಳ ಬಳಕೆಯ ನಂತರ

ಈ ಸೆಟ್ ಅನ್ನು ನಾನು ಕೊಂಡದ್ದು 2018ರ ನವೆಂಬರಿನಲ್ಲಿ. ಅಲ್ಲಿಯವರೆಗೆ ಅಜ್ಜಿಯಿಂದ ಬಂದ ಅಲ್ಯೂಮಿನಿಯಂ ಕಡ್ಡಿಗಳೇ ನನ್ನ ಆಸ್ತಿಯಾಗಿದ್ದವು. ಅವುಗಳಿಂದ ಹೆಣಿಗೆಗೆ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ಇದ್ದದ್ದು ನನ್ನ ಸ್ವಭಾವದಲ್ಲಿ. ಒಂದು ಸ್ವೆಟರಿನ ಬೆನ್ನು ಮುಗಿಯುವಷ್ಟರಲ್ಲಿ ಮಗುವಿನ ಟೋಪಿ, ಟೋಪಿಯ ನಡುವೆ ಒಂದು ಶಾಲು ಎಂದು ಶುರು ಮಾಡುವವಳು ನಾನು. ಅರ್ಧಕ್ಕೆ ನಿಂತ ಪ್ರತಿ ಕೆಲಸವೂ ಒಂದು ಜೋಡಿ ಕಡ್ಡಿಯನ್ನು ತನ್ನೊಳಗೆ ಸಿಕ್ಕಿಸಿಕೊಂಡು ಕೂರುತ್ತಿತ್ತು, ಅದೇ ಅಳತೆಯಲ್ಲಿ ಬೇರೆ ಏನನ್ನಾದರೂ ಹೆಣೆಯಬೇಕೆಂದರೆ ಮತ್ತೊಂದು ಜೋಡಿ ಕೊಳ್ಳಬೇಕಾಗುತ್ತಿತ್ತು. ಹೀಗೆ ಕೊಂಡು ಕೊಂಡು ಒಂದೇ ಅಳತೆಯ ಮೂರು ಜೋಡಿ ಕೂಡಿದ ಮೇಲೆ ಬಿಚ್ಚಿ ಜೋಡಿಸುವ ಸೆಟ್ ತೆಗೆದುಕೊಂಡೆ. ಬೆಲೆ ಆಗ ಐದು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ಇಂಥ ಸೆಟ್‌ಗಳನ್ನು ಹಲವು ಕಂಪನಿಗಳು ತಯಾರಿಸುತ್ತವೆ. ನನ್ನ ದೂರುಗಳಲ್ಲಿ ಬಹುಪಾಲು ಈ ಬಗೆಯ ಸೆಟ್‌ಗಳಿಗೆಲ್ಲ ಸಲ್ಲುವಂಥವಾದ್ದರಿಂದ ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಪೆಟ್ಟಿಗೆಯಲ್ಲಿ 3.5ರಿಂದ 8 ಮಿ.ಮೀ. ವರೆಗಿನ ದಪ್ಪದ ಎಂಟು ಜೋಡಿ ಮರದ ತುದಿಗಳು, ನಾಲ್ಕು ಪ್ಲಾಸ್ಟಿಕ್ ಕೇಬಲ್‌ಗಳು, ಕೇಬಲ್‌ನ ಬಾಯಿಗೆ ಹಾಕುವ ಬಿರಡೆಗಳು ಮತ್ತು ತಿರುಪು ಬಿಗಿಮಾಡುವ ಪಿನ್ನಿನಂಥ ಒಂದು ಕೀಲಿ ಇದ್ದವು. ಬೇಕಾದ ಅಳತೆಯ ಎರಡು ತುದಿಗಳನ್ನು ಬೇಕಾದ ಉದ್ದದ ಕೇಬಲ್‌ಗೆ ತಿರುಗಿಸಿ ಸೇರಿಸಿದರೆ ಒಂದು ವೃತ್ತಾಕಾರದ ಕಡ್ಡಿ ಸಿದ್ಧವಾಗುತ್ತದೆ. ಜಾಹೀರಾತು ಹೇಳುವುದು ಇಷ್ಟನ್ನೇ. ಆದರೆ ಒಮ್ಮೆಗೇ ಮೂರು ನಾಲ್ಕು ಕೆಲಸ ಹಿಡಿದಿರುವವರಿಗೆ ಇದರ ನಿಜವಾದ ಉಪಯೋಗ ಜೋಡಿಸುವುದಕ್ಕಿಂತ ಬಿಚ್ಚುವುದರಲ್ಲಿದೆ. ಹೆಣಿಗೆಯನ್ನು ಕೇಬಲ್ ಮೇಲೆಯೇ ಬಿಟ್ಟು, ತುದಿಗಳನ್ನು ಕಳಚಿ, ಎರಡೂ ಬಾಯಿಗೆ ಬಿರಡೆ ಹಾಕಿದರೆ ಒಂದು ಕುಣಿಕೆಯೂ ಜಾರುವುದಿಲ್ಲ. ಕಳಚಿದ ತುದಿಗಳು ಮುಂದಿನ ಕೆಲಸಕ್ಕೆ ಆ ಕ್ಷಣವೇ ಸಿಗುತ್ತವೆ. ಸ್ವೆಟರಿನ ಉದ್ದ ನೋಡಲು ಮೈಮೇಲೆ ಹಾಕಿಕೊಳ್ಳಬೇಕಾದಾಗಲೂ ಹೀಗೆ ಬಿರಡೆ ಹಾಕಿದ ಕೇಬಲ್ ಸಾಕು. ಮೊದಲಾದರೆ ಎಲ್ಲ ಕುಣಿಕೆಗಳನ್ನೂ ಬೇರೆ ದಾರಕ್ಕೆ ಪೋಣಿಸಿ ಆಮೇಲೆ ಮತ್ತೆ ಕಡ್ಡಿಗೆ ಏರಿಸಬೇಕಾಗಿತ್ತು.

ಈ ಅನುಕೂಲದ ಬೆನ್ನಿಗೇ ಒಂದು ಅಪಾಯವೂ ಇದೆ ಎಂಬುದು ತಿಳಿದದ್ದು ಎರಡನೆಯ ವರ್ಷ. ಒಂದು ಕಾರ್ಡಿಗನ್ ಅನ್ನು ಕೇಬಲ್ ಮೇಲೆ ಬಿಟ್ಟು ಐದು ತಿಂಗಳ ನಂತರ ಕೈಗೆತ್ತಿಕೊಂಡೆ. ಹೆಣೆದದ್ದು 4 ಮಿ.ಮೀ.ನಲ್ಲೇ ಎಂಬ ಭರವಸೆಯಿಂದ ಅದೇ ತುದಿಗಳನ್ನು ಹಾಕಿ ನಾಲ್ಕು ಸಂಜೆ ಹೆಣೆದ ಮೇಲೆ ಬಟ್ಟೆಯ ನಡುವೆ ಅಡ್ಡಪಟ್ಟೆಯೊಂದು ಕಂಡಿತು. ಮೊದಲ ಭಾಗ ಹೆಣೆದದ್ದು 3.5ರಲ್ಲಿ. ಅರ್ಧ ಮಿಲಿಮೀಟರ್ ಏನು ಮಹಾ ಎನಿಸಬಹುದು. ಆದರೆ 10 ಸೆಂ.ಮೀ.ಗೆ 22 ಕುಣಿಕೆ ಬರಬೇಕಾದಲ್ಲಿ ಒಂದೇ ಒಂದು ಕಡಿಮೆಯಾಗಿ 21 ಬಂದರೂ 220 ಕುಣಿಕೆಗಳ ಎದೆಯ ಸುತ್ತಳತೆ 100 ಸೆಂ.ಮೀ. ಇರುವ ಬದಲು ಸುಮಾರು 105 ಆಗುತ್ತದೆ. ನಾಲ್ಕು ಸಂಜೆಯ ಹೆಣಿಗೆಯನ್ನು ಬಿಚ್ಚಿದೆ. ಅಂದಿನಿಂದ ಪ್ರತಿ ಕೇಬಲ್‌ಗೂ ತುದಿಯ ಅಳತೆ ಬರೆದ ರಟ್ಟಿನ ಚೀಟಿಯೊಂದನ್ನು ದಾರದಲ್ಲಿ ಕಟ್ಟಿಯೇ ಚೀಲಕ್ಕೆ ಹಾಕುತ್ತೇನೆ. ಅಳತೆ ಗುರುತಿಸುವ ಬಿರಡೆಗಳನ್ನು ಸೆಟ್‌ನ ಜೊತೆಗೇ ಕೊಡದಿರುವುದು ತಯಾರಕರ ದೊಡ್ಡ ಲೋಪ ಎಂದೇ ನನ್ನ ಅಭಿಪ್ರಾಯ.

ಅಳತೆಯ ವಿಷಯದಲ್ಲಿ ಇನ್ನೊಂದು ಗೊಂದಲವನ್ನೂ ಹೇಳಬೇಕು. ಅಜ್ಜಿಯ ಕಡ್ಡಿಗಳ ಮೇಲಿರುವುದು ಹಳೆಯ ಬ್ರಿಟಿಷ್ ನಂಬರು. ಅದರಲ್ಲಿ ನಂಬರು ಹೆಚ್ಚಿದಂತೆ ಕಡ್ಡಿ ಸಣ್ಣದಾಗುತ್ತದೆ: 8 ಎಂದರೆ 4 ಮಿ.ಮೀ., 10 ಎಂದರೆ 3.25 ಮಿ.ಮೀ. ಅಮೆರಿಕದ ಲೆಕ್ಕ ಇದಕ್ಕೆ ತಲೆಕೆಳಗು. ಅಲ್ಲಿ 10 ಎಂದರೆ 6 ಮಿ.ಮೀ.ನ ದಪ್ಪ ಕಡ್ಡಿ. ಅಮೆರಿಕದ ವಿನ್ಯಾಸವನ್ನು ಅಜ್ಜಿಯ ಹತ್ತು ನಂಬರಿನಲ್ಲಿ ಹೆಣೆದರೆ ದೊಡ್ಡವರ ಸ್ವೆಟರ್ ಗೊಂಬೆಗೆ ಆದೀತು. ಈ ಸೆಟ್‌ನ ತುದಿಗಳ ಮೇಲೆ ಮಿಲಿಮೀಟರ್ ಅಳತೆಯನ್ನೇ ಅಚ್ಚು ಹಾಕಿದ್ದರಿಂದ ಗೊಂದಲ ತಪ್ಪಿತು. ಆದರೆ ಆ ಅಚ್ಚು ಕೈಯುಜ್ಜಿ ಮೂರನೆಯ ವರ್ಷಕ್ಕೆ ಮಾಸಿಹೋಯಿತು, ಈಗ ತೂತುಗಳಿರುವ ಅಳತೆಪಟ್ಟಿಯಲ್ಲಿ ತೂರಿಸಿ ನೋಡಿಯೇ ಗುರುತಿಸಬೇಕು.

ಅದಕ್ಕಿಂತ ದೊಡ್ಡ ಕೊರತೆ ಎಂದರೆ ಸೆಟ್‌ನಲ್ಲಿ 3.25 ಮತ್ತು 3.75 ಇಲ್ಲದಿರುವುದು. ಬೆಂಗಳೂರಿನ ಚಳಿಗೆ ತೆಳುವಾದ ನೂಲಿನ ಸ್ವೆಟರ್ ಸಾಕು, ಅದಕ್ಕೆ ಬೇಕಾಗುವುದು ಈ ಎರಡು ಅಳತೆಗಳೇ. 7 ಮತ್ತು 8 ಮಿ.ಮೀ. ತುದಿಗಳನ್ನು ನಾನು ಏಳು ವರ್ಷಗಳಲ್ಲಿ ಬಳಸಿದ್ದು ಒಂದೇ ಒಂದು ಸಲ, ಅದೂ ಕಾಲೊರಸಿಗೆ. ಬೇಕಾದ ಎರಡು ಜೋಡಿಗಳನ್ನು ಬಿಡಿಯಾಗಿ ಕೊಂಡೆ. ಒಂದೇ ತುದಿ ಮುರಿದಾಗ ಕಲಿತ ಉಪಾಯವೊಂದು ಇಲ್ಲಿ ಉಪಯೋಗಕ್ಕೆ ಬರಬಹುದು: ಕುಣಿಕೆಯ ಗಾತ್ರವನ್ನು ಮುಖ್ಯವಾಗಿ ನಿರ್ಧರಿಸುವುದು ಹೊಸ ಕುಣಿಕೆ ರೂಪುಗೊಳ್ಳುವ ಬಲಗೈ ಕಡ್ಡಿ, ಎಡಗೈ ಕಡ್ಡಿ ಹಳೆಯ ಕುಣಿಕೆಗಳನ್ನು ಹಿಡಿದಿರುತ್ತದೆ, ಅಷ್ಟೇ. ಆದ್ದರಿಂದ ಸುತ್ತಾಗಿ ಹೆಣೆಯುವಾಗ ಬಲಕ್ಕೆ ಸರಿಯಾದ ಅಳತೆಯದನ್ನೂ ಎಡಕ್ಕೆ ಅದಕ್ಕಿಂತ ಸಣ್ಣದನ್ನೂ ಹಾಕಿದರೆ ಕೆಲಸ ನಡೆಯುತ್ತದೆ, ಒಂದು ಜೋಡಿಯನ್ನು ಎರಡು ಕೆಲಸಗಳಿಗೆ ಹಂಚಿಕೊಳ್ಳಲೂಬಹುದು.

ಕೇಬಲ್ ಕೊಳ್ಳುವಾಗ ಪೊಟ್ಟಣದ ಮೇಲಿನ ಸಂಖ್ಯೆಗೆ ಮೋಸಹೋಗಬಾರದು. 80 ಎಂದು ಬರೆದಿರುವುದು ಎರಡೂ ತುದಿಗಳು ಸೇರಿದ ಮೇಲಿನ ಉದ್ದ. ಕೇಬಲ್ ಮಾತ್ರ ಅಳೆದರೆ 56 ಸೆಂ.ಮೀ. ಸಿಗುತ್ತದೆ. ಹೊಸ ಕೇಬಲ್ ಸುರುಳಿ ಬಿಡದೆ ಹಟ ಮಾಡಿದರೆ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ನೇರ ಮಾಡಿಟ್ಟರೆ ಮೆತ್ತಗಾಗುತ್ತದೆ. ತಿರುಪನ್ನು ಬರೀ ಕೈಯಲ್ಲಿ ತಿರುಗಿಸಿ ನಂಬಬೇಡಿ. ಕೀಲಿ ಹಾಕಿ ಬಿಗಿ ಮಾಡದಿದ್ದರೆ ಹೆಣೆಯುತ್ತ ಹೆಣೆಯುತ್ತ ತಾನಾಗಿ ಸಡಿಲವಾಗಿ, ಆ ಸಂದಿನಲ್ಲಿ ನೂಲು ಸಿಕ್ಕಿ ಎಳೆ ಬಿಚ್ಚಿಕೊಳ್ಳುತ್ತದೆ. ನನ್ನ ನಾಲ್ಕು ಮೂಲ ಕೇಬಲ್‌ಗಳಲ್ಲಿ ಒಂದು, ಅಂಟು ಬಿಟ್ಟು ಲೋಹದ ತಿರುಪಿನಿಂದ ಕಿತ್ತುಬಂತು, ಅದೂ ಶಾಲಿನ ಮುನ್ನೂರಕ್ಕೂ ಹೆಚ್ಚು ಕುಣಿಕೆಗಳು ಮೇಲಿರುವಾಗ. ಕಂಪನಿಯವರು ಬದಲಿ ಕಳಿಸಿದರು. ಜಾರಿದ ಕುಣಿಕೆಗಳನ್ನು ಹೆಕ್ಕಿದ್ದು ಮಾತ್ರ ನಾನೇ.

ಮರದ ತುದಿಗಳ ಬಗ್ಗೆ ನನಗೆ ದೂರಿಲ್ಲ. ಜಾರುವ ಅಕ್ರಿಲಿಕ್ ನೂಲನ್ನು ಅವು ಹಿಡಿದು ನಿಲ್ಲಿಸುತ್ತವೆ, ಕೈಗೆ ತಣ್ಣಗೆ ತಾಗುವುದಿಲ್ಲ. ಆದರೆ ಒರಟು ಉಣ್ಣೆಗೆ ಅವು ಹೊಂದುವುದಿಲ್ಲ. ಒಮ್ಮೆ ಚಳ್ಳಕೆರೆಯ ಕಡೆಯಿಂದ ಕಂಬಳಿ ನೇಯುವ ಉಣ್ಣೆ ನೂಲನ್ನು ತಂದು ಚೀಲವೊಂದನ್ನು ಹೆಣೆಯಲು ಕೂತೆ. ಒಂದೊಂದು ಕುಣಿಕೆಯನ್ನೂ ತಳ್ಳಿ ಸರಿಸಬೇಕಾಯಿತು. ಲೋಹದ ತುದಿಗೆ ಬದಲಾಯಿಸಿದ ಮೇಲೆ ಸರಾಗವಾಯಿತು.

ಇನ್ನು ಉಲ್ಲನ್ ರಾಶಿಯ ಮಾತು. ಹೆಣಿಗೆಯವರ ನಡುವೆ ಒಂದು ತಮಾಷೆಯ ಮಾತಿದೆ: ಜೀವಮಾನದಲ್ಲಿ ಹೆಣೆದು ಮುಗಿಸಲಾರದಷ್ಟು ನೂಲು ಕೂಡಿಸಿದವರಿಗೆ ಅವರು ಒಂದು ಹೆಸರನ್ನೇ ಇಟ್ಟಿದ್ದಾರೆ. ಸೆಟ್ ಬಂದ ಮೊದಲ ಎರಡು ವರ್ಷ ನಾನು ಆ ಕಡೆಗೇ ನಡೆದೆ. ಯಾವ ದಪ್ಪದ ನೂಲಿಗೂ ಕಡ್ಡಿ ಸಿದ್ಧವಿದ್ದ ಮೇಲೆ ಯಾವ ನೂಲನ್ನೂ ಬೇಡವೆನ್ನಲು ಕಾರಣ ಉಳಿಯಲಿಲ್ಲ. ಹೆಚ್ಚುವರಿ ಕೇಬಲ್ ಕೊಂಡಷ್ಟೂ ಅರ್ಧಂಬರ್ಧ ಕೆಲಸಗಳು ಹೆಚ್ಚಿದವು. ಒಂದು ಹಂತದಲ್ಲಿ ಒಂಬತ್ತು ಕೇಬಲ್‌ಗಳಿದ್ದವು, ಒಂಬತ್ತರ ಮೇಲೂ ಏನಾದರೊಂದು ನೇತಾಡುತ್ತಿತ್ತು. ಕೊನೆಗೆ ಐದನ್ನು ಅಕ್ಕನಿಗೆ ಕೊಟ್ಟು ನಾಲ್ಕನ್ನೇ ಉಳಿಸಿಕೊಂಡೆ. ಖಾಲಿ ಕೇಬಲ್ ಇದ್ದರೆ ಮಾತ್ರ ಹೊಸ ಕೆಲಸ. ಇಲ್ಲವಾದರೆ ಒಂದನ್ನು ಮುಗಿಸಬೇಕು, ಅಥವಾ ಧೈರ್ಯ ಮಾಡಿ ಬಿಚ್ಚಿ ಮತ್ತೆ ಉಂಡೆ ಸುತ್ತಬೇಕು. ಹೀಗೆ ಬಿಚ್ಚಿದ ಮೂರು ಕೆಲಸಗಳನ್ನು ನಾನು ಯಾಕೆ ಶುರು ಮಾಡಿದ್ದೆನೋ ನನಗೇ ನೆನಪಿಲ್ಲ.

ರಾಶಿಯ ಲೆಕ್ಕವನ್ನು 2007ರಲ್ಲಿ ಆರಂಭವಾದ ರ್‍ಯಾವೆಲ್ರಿ ಎಂಬ ಹೆಣಿಗೆಯವರ ಜಾಲತಾಣದಲ್ಲಿ ಇಟ್ಟಿದ್ದೇನೆ. ನೂಲು, ಕಡ್ಡಿ, ನಡೆಯುತ್ತಿರುವ ಕೆಲಸ ಎಲ್ಲವನ್ನೂ ಅಲ್ಲಿ ಹಣ ಕೊಡದೆಯೇ ದಾಖಲಿಸಬಹುದು. ಉಳಿದ ನೂಲು ಎಷ್ಟು ಎಂದು ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು: 100 ಗ್ರಾಂಗೆ 400 ಮೀಟರ್ ಬರುವ ನೂಲಿನಲ್ಲಿ 37 ಗ್ರಾಂ ಉಳಿದಿದ್ದರೆ ಅದು 148 ಮೀಟರ್. ಒಂದೇ ಬಣ್ಣದ ನೂಲನ್ನು ಎರಡು ಸಲ ಕೊಂಡರೆ ಲೇಬಲ್‌ನ ಡೈ ಲಾಟ್ ಸಂಖ್ಯೆ, ಅಂದರೆ ಒಟ್ಟಿಗೆ ಬಣ್ಣ ಹಾಕಿದ ನೂಲಿನ ಕಂತಿನ ಸಂಖ್ಯೆ, ಒಂದೇ ಇದೆಯೇ ಎಂದು ನೋಡಬೇಕು. ಇಲ್ಲವಾದರೆ ತೋಳಿನ ಬಣ್ಣ ಎದೆಯ ಬಣ್ಣಕ್ಕೆ ಹೊಂದದೆ ಹೋಗಬಹುದು. ಅಕ್ರಿಲಿಕ್‌ಗೆ ನುಸಿಯ ಭಯವಿಲ್ಲ. ಶುದ್ಧ ಉಣ್ಣೆಯನ್ನು ಮಾತ್ರ ಬಿಗಿಯಾಗಿ ಮುಚ್ಚಿದ ಚೀಲದಲ್ಲಿ ಇಡುತ್ತೇನೆ. ಅನುಮಾನ ಬಂದರೆ ಆ ಚೀಲವನ್ನೇ ಒಂದು ವಾರ ಫ್ರೀಜರಿನಲ್ಲಿ, ಬಟಾಣಿ ಪೊಟ್ಟಣದ ಪಕ್ಕದಲ್ಲಿ ಇಡುತ್ತೇನೆ. ಮನೆಯವರು ಇದಕ್ಕೆ ಒಗ್ಗಿಕೊಂಡಿದ್ದಾರೆ.

ಕೊಳ್ಳಬೇಕೆಂದಿರುವವರಿಗೆ ನನ್ನ ಸಲಹೆ ಇಷ್ಟು. ವರ್ಷಕ್ಕೊಂದು ಸ್ವೆಟರ್ ಹೆಣೆಯುವವರಿಗೆ ಈ ಹಣ ವ್ಯರ್ಥ. ಒಂದೆರಡು ಜೋಡಿ ಮಾಮೂಲಿ ಕಡ್ಡಿ ಸಾಕು. ಒಮ್ಮೆಗೇ ಹಲವು ಕೆಲಸ ಹಿಡಿಯುವವರು ಪೂರ್ತಿ ಸೆಟ್‌ಗೆ ಹೋಗುವ ಬದಲು 3.25, 3.75, 4 ಮತ್ತು 5 ಮಿ.ಮೀ. ತುದಿಗಳನ್ನೂ ಮೂರು ಕೇಬಲ್‌ಗಳನ್ನೂ ಬಿಡಿಯಾಗಿ ಕೊಂಡರೆ ಹಣ ಉಳಿಯುತ್ತದೆ. ಎಲ್ಲವೂ ಒಂದೇ ಕಂಪನಿಯವಾಗಿರಲಿ. ಬೇರೆ ಬೇರೆ ಕಂಪನಿಗಳ ತಿರುಪುಗಳು ಒಂದಕ್ಕೊಂದು ಕೂರುತ್ತವೆ ಎಂಬ ಖಾತ್ರಿಯಿಲ್ಲ. ಕೀಲಿಯನ್ನು ಮಾತ್ರ ಒಂದು ಹೆಚ್ಚಾಗಿ ಕೊಳ್ಳಿ. ನಾನು ಈವರೆಗೆ ನಾಲ್ಕು ಕಳೆದಿದ್ದೇನೆ, ಸೋಫಾದ ಸಂದಿನಲ್ಲಿ ಸಿಕ್ಕಿದ್ದು ಒಂದೇ.