ರಾಡ್, ಸ್ಟೋರೇಜ್ ಗೀಸರ್, ಇನ್‌ಸ್ಟಂಟ್ ಗೀಸರ್: ನಾಲ್ಕು ವಾರ ಮೀಟರ್ ಹಾಕಿ ನೋಡಿದ್ದು

ಗೀಸರ್ ಸ್ವಿಚ್ ವಿಷಯಕ್ಕೆ ಅಪ್ಪಂಗೂ ನಂಗೂ ವರ್ಷಗಟ್ಟಲೆ ವಾದ ನಡೀತಾನೇ ಇತ್ತು. ಆಫ್ ಮಾಡಿದ್ರೆ ತಣ್ಣಗಾದ ನೀರನ್ನ ಮತ್ತೆ ಮೊದ್ಲಿಂದ ಕಾಯಿಸ್ಬೇಕು ಅದಕ್ಕೇ ಕರೆಂಟ್ ಜಾಸ್ತಿ ಎಳೆಯುತ್ತೆ, ಸುಮ್ನೆ ಆನ್ ಇಟ್ರೆ ಬಿಸಿ ಆದ್ಮೇಲೆ ಅದೇ ಕಟ್ ಆಗುತ್ತಲ್ಲ ಅನ್ನೋದು ಅಪ್ಪನ ಮಾತು. ನಂದು ಉಲ್ಟಾ. ಇಬ್ರ ಹತ್ರನೂ ಲೆಕ್ಕ ಇರ್ಲಿಲ್ಲ, ಅದಕ್ಕೇ ಪ್ಲಗ್‌ಗೂ ಗೀಸರ್‌ಗೂ ಮಧ್ಯೆ ಸಿಗಿಸೋ 16 ಆಂಪ್ಸ್‌ ಯೂನಿಟ್ ಮೀಟರ್ ಒಂದು ತಂದು ನಾಲ್ಕು ವಾರ ಒಂದೊಂದು ಥರ ಮಾಡಿ ದಿನಾ ಬರೆದಿಟ್ಟೆ.

ನಾವು ನಾಲ್ಕು ಜನ, ಒಬ್ಬೊಬ್ಬರಿಗೆ 15 ಲೀಟರ್ ಬಕೆಟ್ ಒಂದು. ನಲ್ಲಿ ನೀರು 24 ಡಿಗ್ರಿ ಬರ್ತಿತ್ತು, ಸ್ನಾನಕ್ಕೆ 42 ಸಾಕು. ಒಂದು ಲೀಟರ್ ನೀರು ಒಂದು ಡಿಗ್ರಿ ಏರೋಕೆ ಸುಮಾರು 4.2 ಕಿಲೋಜೂಲ್ ಬೇಕು, ಒಂದು ಯೂನಿಟ್ ಅಂದ್ರೆ 3600 ಕಿಲೋಜೂಲ್. ಹಾಗಾಗಿ ಒಂದು ಬಕೆಟ್‌ಗೆ ಏನೇ ಮಾಡಿದ್ರೂ 0.31 ಯೂನಿಟ್ ಬೇಕೇ ಬೇಕು, ವಾರಕ್ಕೆ ನಾಲ್ಕೂ ಜನಕ್ಕೆ 8.8. ಕಾಯಿಲ್‌ಗೆ ಹೋದ ಕರೆಂಟ್ ಹೆಚ್ಚುಕಮ್ಮಿ ಪೂರ್ತಿ ಶಾಖನೇ ಆಗೋದು, ರಾಡ್ ಆಗ್ಲಿ ಗೀಸರ್ ಆಗ್ಲಿ ಅದ್ರಲ್ಲಿ ವ್ಯತ್ಯಾಸ ಇಲ್ಲ. ಅಂದ್ಮೇಲೆ 8.8 ಮೇಲೆ ಎಷ್ಟು ಓಡ್ತೋ ಅದೆಲ್ಲಾ ಮೈಗೆ ಬೀಳದೆ ಹೋದ ಬಿಸಿ, ನಾನು ಹುಡುಕ್ತಿದ್ದಿದ್ದು ಅದನ್ನೇ.

ಮೊದಲ್ನೇ ವಾರ ಅಪ್ಪನ ಪ್ರಕಾರ, ಹಳೇ 15 ಲೀಟರ್ ಸ್ಟೋರೇಜ್ ಗೀಸರ್, 2000 ವ್ಯಾಟ್, ಹಗಲೂ ರಾತ್ರಿ ಆನ್. 14.8 ಯೂನಿಟ್ ಬಂತು. ಬೇಕಾಗಿದ್ದು 8.8, ಆರು ಯೂನಿಟ್ ಎಲ್ಲಿ ಹೋಯ್ತು ಅಂತ ನೋಡೋಕೆ ಮನೇಲಿ ಯಾರೂ ಬಿಸಿನೀರು ಮುಟ್ಟದ ಒಂದಿನ ಗೀಸರ್ ಹತ್ರ ಕೂತು ಗಮನಿಸ್ದೆ. ಸುಮಾರು ಎರಡೂವರೆ ಗಂಟೆಗೊಂದ್ಸಲ ಒಳಗಡೆ ಟಕ್ ಅನ್ನುತ್ತೆ, ಕೆಂಪು ದೀಪ ಹತ್ತುತ್ತೆ, ಮೂರು ನಿಮಿಷ ಉರಿದು ಮತ್ತೆ ಟಕ್ ಅಂತ ಆರುತ್ತೆ. ರಾತ್ರಿ ಎರಡು ಗಂಟೆಗೂ ಹೀಗೇ, ಎಲ್ರೂ ಮಲಗಿದಾರೆ, ಗೀಸರ್ ಮಾತ್ರ ತನ್ನ ಮೈಯಿಂದ ಗೋಡೆಗೆ ಗಾಳಿಗೆ ಸೋರಿದ ಬಿಸಿನ ಮತ್ತೆ ತುಂಬಿಸ್ಕೊಳ್ತಾ ಇದೆ. 24 ಗಂಟೇಲಿ 0.9 ಯೂನಿಟ್, ಒಂದು ಚೊಂಬು ನೀರೂ ಬಳಸದೆ. ಅಪ್ಪಂಗೆ ಮೀಟರ್ ತೋರಿಸ್ದೆ, ಅವ್ರು ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದ್ರು.

ಇಲ್ಲಿ ಒಂದು ವಿಷ್ಯ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಅಪ್ಪನ ಥರ ಯೋಚ್ನೆ ಮಾಡೋರು ತುಂಬಾ ಜನ ಇದಾರೆ. ನೀರು ಸುತ್ತಲಿನ ಗಾಳಿಗಿಂತ ಎಷ್ಟು ಬಿಸಿ ಇರುತ್ತೋ ಅಷ್ಟು ಜೋರಾಗಿ ಬಿಸಿ ಸೋರುತ್ತೆ. ಆಫ್ ಮಾಡಿದ್ರೆ ನೀರು ಆರ್ತಾ ಆರ್ತಾ ಸೋರೋದೂ ಕಮ್ಮಿ ಆಗುತ್ತೆ, ಆನ್ ಇಟ್ರೆ ಸೋರಿಕೆ ಯಾವಾಗ್ಲೂ ಮೇಲಿನ ಮಟ್ಟದಲ್ಲೇ. ಆರಿದ್ದನ್ನ ಮತ್ತೆ ಕಾಯಿಸೋಕೆ ಸೋರಿದಷ್ಟೇ ಕರೆಂಟ್ ಬೇಕು, ಜಾಸ್ತಿ ಅಲ್ಲ. ಥರ್ಮೋಸ್ಟಾಟ್, ಅಂದ್ರೆ ಎಷ್ಟು ಬಿಸಿ ಆದ್ಮೇಲೆ ಕಟ್ ಆಗ್ಬೇಕು ಅನ್ನೋ ಸೆಟ್ಟಿಂಗ್, 65 ಡಿಗ್ರಿಯಿಂದ 50ಕ್ಕೆ ಇಳಿಸಿ ಮತ್ತೊಂದಿನ ನೋಡಿದ್ರೆ 0.9 ಇದ್ದಿದ್ದು 0.55ಕ್ಕೆ ಇಳೀತು. ಆದ್ರೆ ಉಗುರುಬೆಚ್ಚಗಿನ ನೀರು ದಿನಗಟ್ಟಲೆ ನಿಂತ್ರೆ ಲೀಜಿಯೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆಯುತ್ತೆ, 60 ಡಿಗ್ರಿ ದಾಟಿದ್ರೆ ಸಾಯುತ್ತೆ, ಹಾಗಾಗಿ ಆವಾಗಾವಾಗ 60ರ ಮೇಲೆ ಪೂರ್ತಿ ಕಾಯಿಸಿ ಸ್ವಲ್ಪ ಹೊತ್ತು ಬಿಡ್ತೀನಿ. ಇದನ್ನ ಉಳಿತಾಯದ ಆಸೆಗೆ ಬಿಡ್ಬೇಡಿ.

ಎರಡನೇ ವಾರ ಅದೇ ಗೀಸರ್, ಸ್ನಾನಕ್ಕೆ 20 ನಿಮಿಷ ಮುಂಚೆ ಆನ್, ಎಲ್ರೂ ಒಬ್ರ ಹಿಂದೊಬ್ರು, ಕೊನೆಯವ್ರು ಬಕೆಟ್ ತುಂಬಿಸ್ಕೊಳ್ಳೋಕೆ ಮುಂಚೆನೇ ಆಫ್. 10.6 ಯೂನಿಟ್. ಹೆಚ್ಚಿಗೆ ಹೋಗಿದ್ದು ಟ್ಯಾಂಕಲ್ಲಿ ಉಳಿದು ಆರಿದ ನೀರಿಂದು. ಒಬ್ರು ಬೆಳಿಗ್ಗೆ ಒಬ್ರು ಮಧ್ಯಾಹ್ನ ಅಂತ ಸ್ನಾನ ಮಾಡಿದ್ರೆ ಇದು ಇನ್ನೂ ಏರುತ್ತೆ.

ಮೂರನೇ ವಾರ ರಾಡ್, 1500 ವ್ಯಾಟ್. 9.9 ಬಂತು, ಒಂದು ಬಕೆಟ್‌ಗೆ ಹದಿನಾಲ್ಕು ನಿಮಿಷ. ಲೆಕ್ಕದಲ್ಲಿ ಚೆನ್ನಾಗೇ ಇದೆ ಆದ್ರೆ ಐದನೇ ದಿನ ತಂಗಿ ಮಗಳು ಓಡಿ ಬಂದು ನೀರು ಬಿಸಿ ಆಯ್ತಾ ಅಂತ ಬಕೆಟ್‌ಗೆ ಕೈ ಹಾಕೋಕೆ ಹೋದ್ಲು, ರಾಡ್ ಆನ್ ಇತ್ತು, ನಾನು ಹತ್ರಾನೇ ಇದ್ದಿದ್ದಕ್ಕೆ ಎಳ್ಕೊಂಡೆ. ಆ ದಿನ ಎದೆ ಹೊಡ್ಕೊಂಡಿದ್ದು ಇನ್ನೂ ನೆನಪಿದೆ. ಉಳಿದೆರಡು ದಿನ ಬಾತ್‌ರೂಮ್ ಬಾಗಿಲು ಚಿಲಕ ಹಾಕಿ ಹೊರಗೆ ನಿಂತು ಮುಗಿಸ್ದೆ ಅಷ್ಟೇ. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತ ಮೇಲೇನೇ ನೀರು ಮುಟ್ಬೇಕು, ಅರ್ಥಿಂಗ್ ಸರಿ ಇರ್ಬೇಕು, ಕಬ್ಬಿಣದ ಬಕೆಟ್ ಬೇಡ್ವೇ ಬೇಡ. ಮಕ್ಕಳಿರೋ ಮನೇಗೆ ನಾನಂತೂ ರಾಡ್ ಬೇಡ ಅಂತೀನಿ, ಎಷ್ಟೇ ಯೂನಿಟ್ ಉಳೀಲಿ.

ಕೊನೇ ವಾರ 3 ಲೀಟರ್ ಇನ್‌ಸ್ಟಂಟ್, 3000 ವ್ಯಾಟ್. 9.3 ಯೂನಿಟ್, ಎಲ್ಲಕ್ಕಿಂತ ಕಮ್ಮಿ, ಉಳಿದು ಆರೋಕೆ ಒಳಗೆ ಇರೋದೇ ಮೂರು ಲೀಟರ್ ನೀರಲ್ವಾ. ಆದ್ರೆ ನಲ್ಲಿ ಸಣ್ಣಗೆ ಬಿಡ್ಬೇಕು. 3000 ವ್ಯಾಟ್‌ಗೆ ನಿಮಿಷಕ್ಕೆ ಎರಡು ಲೀಟರ್ ಬಿಟ್ರೆ 21 ಡಿಗ್ರಿ ಏರುತ್ತೆ, ನಾಲ್ಕು ಲೀಟರ್ ಬಿಟ್ರೆ ಹತ್ತೂವರೆ ಅಷ್ಟೇ. ಬಕೆಟ್ ತುಂಬೋಕೆ ಆರೇಳು ನಿಮಿಷ ಕಾಯ್ಬೇಕು, ನಲ್ಲಿ ನೀರೇ ತುಂಬಾ ತಣ್ಣಗಿದ್ರೆ ಇನ್ನೂ ನಿಧಾನ. ವೈರಿಂಗ್ ಗಟ್ಟಿ ಇಲ್ದಿದ್ರೆ ಪ್ಲಗ್ ಕಾದು ಕರಗೋ ಅಪಾಯನೂ ಇದೆ.

ನಂಗೆ ನಿಜವಾಗ್ಲೂ ಬೇಜಾರಾಗಿದ್ದು ಶವರ್ ನೋಡಿ. ಶವರ್ ಕೆಳಗೆ ಬಕೆಟ್ ಇಟ್ಟು ಒಂದು ನಿಮಿಷ ಬಿಟ್ರೆ 9 ಲೀಟರ್ ಬಿತ್ತು. ಐದು ನಿಮಿಷಕ್ಕೆ 45 ಲೀಟರ್, ಅಂದ್ರೆ ಮೂರು ಬಕೆಟ್, 0.94 ಯೂನಿಟ್. ಯಾವ ಗೀಸರ್ ಒಳ್ಳೇದು ಅಂತ ತಿಂಗಳೆಲ್ಲಾ ಅಳೆದು ಕಂಡುಕೊಂಡ ಒಂದು ದಿನದ ವ್ಯತ್ಯಾಸನ ಒಬ್ರ ಶವರ್ ಒಂದೇ ಸಲಕ್ಕೆ ನುಂಗಿಬಿಡುತ್ತೆ. ಸಣ್ಣ ತೂತಿನ ಶವರ್ ಹೆಡ್ ಹಾಕಿದ್ಮೇಲೆ ನಿಮಿಷಕ್ಕೆ 6 ಲೀಟರ್‌ಗೆ ಇಳಿದಿದೆ.

ಈಗ ಸ್ನಾನಕ್ಕೆ ಸ್ಟೋರೇಜ್, ಟೈಮ್ ನೋಡಿ ಆನ್ ಆಫ್. ಅಡುಗೆಮನೆ ಸಿಂಕ್‌ಗೆ ಇನ್‌ಸ್ಟಂಟ್, ಯಾಕಂದ್ರೆ ಬಾತ್‌ರೂಮ್ ಗೀಸರ್‌ನಿಂದ ಅಲ್ಲಿಗೆ ಹತ್ತು ಮೀಟರ್ ಪೈಪು, ಬಿಸಿನೀರು ಬರೋಕೆ ಮುಂಚೆ ಸುಮಾರು ಎರಡು ಲೀಟರ್ ತಣ್ಣೀರು ಹೋಗ್ತಿತ್ತು, ನಲ್ಲಿ ನಿಲ್ಲಿಸಿದ್ಮೇಲೆ ಅಷ್ಟೇ ಬಿಸಿನೀರು ಪೈಪಲ್ಲೇ ಆರ್ತಿತ್ತು. ಗೀಸರ್ ಆಫ್ ಮಾಡೋ ಕೆಲಸ ಈಗ ಅಪ್ಪಂದು, ಕೊನೇ ಬಕೆಟ್ ತುಂಬೋ ಶಬ್ದ ಕೇಳ್ತಿದ್ದಂಗೇ ಎದ್ದು ಹೋಗ್ತಾರೆ.